ಮಲಗದ ಬಳೆ

ದಾನೇಶ್ವರಿಗೆ ಗಂಡನ ಫೋನ್ ನಂಬರ್ ಇವತ್ತಿಗೂ ಪೂರ್ತಿ ಬಾಯಿಗೆ ಬರುವುದಿಲ್ಲ. ಆದರೆ ೭೭೩೧೦೪ ಎಂಬ ಆರಂಕಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಅದು ಅವಳ ಎಡಗೈ ಬಳೆಯ ನಂಬರ್. ಆ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಚಹಾಕ್ಕೆಂದು ಎದ್ದವಳು, ಪಕ್ಕದ ಮೇಜಿನ ತಬಸ್ಸುಮಳ ಪರದೆಯ ಮೇಲೆ ಅದೇ ಆರಂಕಿ ಹಳದಿಯಿಂದ ಕೆಂಪಿಗೆ ತಿರುಗುವುದನ್ನು ಕಂಡಳು.

ಹುಬ್ಬಳ್ಳಿಯ ಬಳೆ ನಿಗಾ ಕೇಂದ್ರದಲ್ಲಿ ಯಾರಿಗೂ ಹೆಸರಿರಲಿಲ್ಲ, ನಂಬರ್ ಮಾತ್ರ. ಕೆಂಪಾದ ನಂಬರಿಗೆ ಕೂಡಲೇ ಕರೆ ಮಾಡಬೇಕು, ಎದುರಿಗೆ ಅಂಟಿಸಿದ ಆರು ಸಾಲುಗಳನ್ನು ಓದಬೇಕು, ಸ್ವಂತದ ಮಾತು ಸೇರಿಸಬಾರದು. ತಬಸ್ಸುಮ್ ತನಗೇನೂ ಗೊತ್ತಿಲ್ಲದೆ, ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ಕರೆಯ ಗುಂಡಿ ಒತ್ತಿದಳು. ದಾನೇಶ್ವರಿಯ ಚೀಲದೊಳಗೆ ಫೋನ್ ರಿಂಗಾಗತೊಡಗಿತು.

ತಬಸ್ಸುಮ್ ತಿರುಗಿ ನೋಡಿದಳು. ಚೀಲವನ್ನು ನೋಡಿದಳು, ದಾನೇಶ್ವರಿಯ ಮುಖ ನೋಡಿದಳು. "ಯಾ ಅಲ್ಲಾ," ಅಂದವಳೇ ಕಿವಿಯ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಆರು ಸಾಲುಗಳಲ್ಲಿ ಒಂದನ್ನೂ ಅವಳಿಂದ ಓದಲಾಗಲಿಲ್ಲ.

ಓದುವ ಅಗತ್ಯವೂ ಇರಲಿಲ್ಲ. ಅದೆಲ್ಲ ದಾನೇಶ್ವರಿಗೆ ಅರೆದು ಕುಡಿದ ಪಾಠ. ನಮ್ಮ ಜೀವಕೋಶಗಳಲ್ಲಿ ದಿನಾ ಸಾವಿರ ಸಣ್ಣಪುಟ್ಟ ಕೆಡುಕು ಆಗುತ್ತಿರುತ್ತವೆ, ಅವನ್ನು ರಿಪೇರಿ ಮಾಡಲೆಂದೇ ಕೆಲವು ವಂಶವಾಹಿಗಳಿವೆ. ಪ್ರತಿಯೊಂದಕ್ಕೂ ಎರಡು ಪ್ರತಿ: ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಕೆಲವರು ಹುಟ್ಟುವಾಗಲೇ ಒಂದು ಕೆಟ್ಟ ಪ್ರತಿಯನ್ನು ಪಡೆದು ಬರುತ್ತಾರೆ. ಉಳಿದ ಒಂದೇ ಪ್ರತಿ ಇಡೀ ಸಂಸಾರ ತೂಗಿಸಿಕೊಂಡು ಹೋಗುತ್ತದೆ. ಎಂದೋ ಒಂದು ದಿನ ಎದೆಯ ಯಾವುದೋ ಜೀವಕೋಶದಲ್ಲಿ ಅದೂ ಕೈಕೊಟ್ಟರೆ, ಅಲ್ಲಿಂದ ಮುಂದೆ ಹೇಳುವವರು ಕೇಳುವವರು ಇಲ್ಲ. ಹಾಗೇ ಆಗಿಯೇ ತೀರಬೇಕೆಂದಿಲ್ಲ. ಆದರೆ ಇಂಥ ಹತ್ತು ಹೆಂಗಸರಲ್ಲಿ ಆರೇಳು ಮಂದಿಗೆ ಆಯುಷ್ಯದಲ್ಲಿ ಎಂದಾದರೂ ಸ್ತನದ ಕ್ಯಾನ್ಸರ್ ಬರುತ್ತದೆ. ಅದಕ್ಕೇ ಬಳೆ.

ಕರಿ ರಬ್ಬರಿನಂಥ ಬಳೆ. ಗಡ್ಡೆಯೊಂದು ಚಿಗುರಿದರೆ ಅದರ ಚೂರುಗಳು ರಕ್ತಕ್ಕೆ ಬಿದ್ದು, ಅಲ್ಲಿಂದ ಬೆವರಿಗೂ ಬರುತ್ತವೆ. ಬಳೆ ಅವನ್ನು ಹಿಡಿಯುತ್ತದೆ. ಸತತ ಮೂರು ದಿನ ಸಿಕ್ಕರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಾಳು ಜೊಳ್ಳು ಬೇರೆ ಮಾಡಿ ಖಚಿತಪಡಿಸಲು ಕೇಂದ್ರದ ಕಂಪ್ಯೂಟರಿಗೆ ಇನ್ನೂ ಒಂದು ವಾರ ಬೇಕು. ಮೊದಲ ಮಾದರಿಯಲ್ಲಿ ಬಳೆಯ ಮೇಲೆಯೇ ಕೆಂಪು ದೀಪವಿತ್ತು. ದೀಪ ಹತ್ತಿದ್ದನ್ನು ಮನೆಯವರಿಗಿಂತ ಮೊದಲು ಓಣಿಯವರು ನೋಡಿ, ಎರಡು ಮೂರು ಕಡೆ ಸೊಸೆಯಂದಿರನ್ನು ತವರಿಗೆ ಅಟ್ಟಿದ ಮೇಲೆ ಅದನ್ನು ತೆಗೆದುಹಾಕಿದರು. ಈಗ ಒಳಬದಿಯಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ. ಅದು ರೋಗದ ಸುದ್ದಿ ಹೇಳುವುದಿಲ್ಲ, ಬಳೆ ಎಚ್ಚರವಾಗಿದೆ ಎಂದಷ್ಟೇ ಹೇಳುತ್ತದೆ. ಬಳೆಗೆ ತನ್ನ ಒಡತಿಯ ಗುರುತು ಸಿಗುವುದು ಆ ಕೆಟ್ಟ ಪ್ರತಿಯಿಂದಲೇ. ಪಕ್ಕದ ಮನೆಯಾಕೆ ಹಾಕಿಕೊಂಡರೆ ಒಂದು ತಾಸಿನೊಳಗೆ ಚುಕ್ಕೆ ಆರಿ ಬಳೆ ಮಲಗಿಬಿಡುತ್ತದೆ. "ಬಳಿ ಬ್ಯಾರೆಯವರ ಕೈಯಾಗ ಮಲಗತೈತಿ" ಎಂದು ಹಳ್ಳಿ ಹಳ್ಳಿಯ ಹೆಂಗಸರಿಗೆ ಹೇಳಿಕೊಟ್ಟವಳೇ ದಾನೇಶ್ವರಿ.

ಅವಳೇ ಈಗ ಮೇಜು ಹಿಡಿದುಕೊಂಡು ನಿಂತಿದ್ದಳು. ಹೊಟ್ಟೆಯಲ್ಲಿ ಕೂಸು ಒದೆಯಿತು. ಇಪ್ಪತ್ತೊಂಬತ್ತು ವರ್ಷಕ್ಕೇ, ಎಂದು ಒಂದು ಯೋಚನೆ ಬಂತು. ಎದೆ ಹಾಲು ಕಟ್ಟಬೇಕಾದ ಹೊತ್ತಿಗೇ, ಎಂದು ಇನ್ನೊಂದು. ಆಮೇಲೆ ಯೋಚನೆಯೇ ಬರಲಿಲ್ಲ, ಬರೀ ಭಯ ಬಂತು.

ಕೇಂದ್ರದ ಡಾಕ್ಟರ್ ಸುನಂದಾ ಇಟಗಿ ಕೆಳಗಿನ ಮಹಡಿಯಿಂದ ಬಂದು ಅವಳ ಬೆನ್ನು ಸವರಿದರು. ನಾಳೆ ಒಂಬತ್ತಕ್ಕೆ ಸ್ಕ್ಯಾನಿಂಗ್ ಅಂದರು. ಗಡ್ಡೆ ಸಿಕ್ಕರೆ ಕೂಸಿನ ವಿಚಾರವನ್ನೂ ಮಾಡಬೇಕಾಗುತ್ತದೆ, ಬೇಗ ಹೆರಿಗೆ ಮಾಡಿಸಬೇಕೋ, ಬಸುರಿನಲ್ಲೇ ಆಪರೇಷನ್ ಮಾಡಬೇಕೋ, ನೋಡಿ ಹೇಳುತ್ತೇನೆ ಅಂದರು. ಬಸುರಿನಲ್ಲೂ ಚಿಕಿತ್ಸೆ ಇದೆ ಎಂಬ ಮಾತನ್ನು ಎರಡು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ದಾನೇಶ್ವರಿ ನಂಬುತ್ತಿದ್ದಳೇನೋ.

ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅತ್ತೆ ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆಯೆಂದರೆ ಎರಡು ಕಡೆಯಿಂದಲೂ ಅತ್ತೆ. ದಾನೇಶ್ವರಿಯ ತಂದೆಯ ಸ್ವಂತ ತಂಗಿ, ಮದುವೆಯಾದ ಮೇಲೆ ಗಂಡನ ತಾಯಿ. ನಾಲ್ಕು ಮಂದಿಯ ಎದುರಿಗೆ "ರೀ" ಹಚ್ಚಿ ಮಾತಾಡಿಸಿದರೂ, ಇಬ್ಬರೇ ಇದ್ದಾಗ ದಾನೇಶ್ವರಿಗೆ ಅವಳು ಚಿಕ್ಕಂದಿನ ಅತ್ತಿಯೇ. ಅಂಗಳದಿಂದಲೇ ಇವಳ ಮುಖ ಕಂಡು ಬಸಲಿಂಗವ್ವನ ಕೈ ನಿಂತಿತು.

"ಯಾಕವಾ, ಇಷ್ಟ ಲಗೂನ ಬಂದಿ? ಕೂಸು ಹೊರಳಿತೇನ?"

"ಬಳಿ ಕೆಂಪಾತು ಅತ್ತಿ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ನಲವತ್ತು ವರ್ಷ ರೊಟ್ಟಿ ಬಡಿದ ಕೈ, ಒಂದು ರೊಟ್ಟಿ ಸೀಯಲು ಬಿಟ್ಟದ್ದನ್ನು ದಾನೇಶ್ವರಿ ಅದೇ ಮೊದಲು ನೋಡಿದ್ದು.

"ಮಷಿನ್ ಸುಳ್ಳ ಹೇಳತಾವು," ಅಂದಳು ಕೊನೆಗೆ, ಒಲೆಯ ಕಡೆಗೇ ಮುಖ ಮಾಡಿ. "ನಿನಗ ಏನೂ ಆಗಿಲ್ಲ. ಉಣ್ಣು ಮೊದಲ."

"ಸುಳ್ಳಾಗೂದಿಲ್ಲ ಅತ್ತಿ. ಮೂರ ದಿನ ತಪ್ಪದ ಬಂದೈತಿ."

"ಉಣ್ಣಂದ್ರ ಉಣ್ಣ."

ರೈಲ್ವೆ ವರ್ಕ್‌ಶಾಪಿನಿಂದ ಚನ್ನವೀರ ಗ್ರೀಸಿನ ಕೈಯಲ್ಲೇ ಓಡಿಬಂದ. ಗಂಡ ಹೆಂಡತಿ ಕೋಣೆಯಲ್ಲಿ ಕೂತು ಇಡೀ ಮಧ್ಯಾಹ್ನ ಕಳೆದರು. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಇವಳ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದ, ಆಗಾಗ ಅಳು ತಡೆದು ಮೂಗೆಳೆದುಕೊಳ್ಳುತ್ತಿದ್ದ.

"ನಾಳೆ ಅವರು, ಕೂಸೋ ನೀನೋ ಅಂತ ಕೇಳಿದರ ನಾ ಏನ ಹೇಳಲಿ?" ಅಂದ.

"ಹಂಗ ಕೇಳೂದಿಲ್ಲ ಅವರು," ಅಂದಳು ದಾನೇಶ್ವರಿ. ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದರೆ ಏನು ಹೇಳುವುದೆಂದು ಆಗಲೇ ಹತ್ತು ಸಲ ಯೋಚಿಸಿದ್ದಳು, ಪ್ರತಿ ಸಲವೂ ಬದುಕಬೇಕು ಅನ್ನಿಸಿತ್ತು, ಅದಕ್ಕೆ ತನ್ನ ಮೇಲೇ ಹೇಸಿಗೆ ಹುಟ್ಟಿತ್ತು.

ಬಾಗಿಲ ಆಚೆ ಬಸಲಿಂಗವ್ವ ಮೂರು ಸಲ ಬಂದು ನಿಂತಳು. ಒಮ್ಮೆ ಹಾಲು ತಂದಳು, ಒಮ್ಮೆ ದೇವರ ಬೂದಿಯಾದ ಅಂಗಾರ ತಂದು ಹಣೆಗೆ ಹಚ್ಚಿದಳು. ಮೂರನೆಯ ಸಲ ಬರಿಗೈಯಲ್ಲಿ ಬಂದು, ಏನೋ ಹೇಳಲು ಬಾಯಿ ತೆರೆದು, ಮಗನ ಮುಖ ನೋಡಿ ಹಾಗೇ ತಿರುಗಿ ಹೋದಳು.

ಮನೆಯಲ್ಲಿ ಈ ವಿಷಯಕ್ಕೆ ಒಂದು ಹಳೆಯ ಕಥೆಯಿತ್ತು. ದಾನೇಶ್ವರಿಗೆ ಕೆಟ್ಟ ಪ್ರತಿ ಇದೆಯೆಂದು ಕಾಲೇಜಿನಲ್ಲಿ ಗೊತ್ತಾದಾಗ, ಬೀಗರು ಬಿಜ್ಜರೆಲ್ಲ ಬೊಟ್ಟು ಮಾಡಿದ್ದು ಅವಳ ತಾಯಿಯ ಕಡೆಗೆ. ಎದೆಯ ರೋಗವೆಂದರೆ ಹೆಂಗಸಿನ ರೋಗ, ಹೆಂಗಸಿನಿಂದಲೇ ಬರಬೇಕು! ತಾಯಿ ಪರೀಕ್ಷೆ ಮಾಡಿಸಿಕೊಂಡಳು, ಅವಳಲ್ಲಿ ಅದು ಇರಲಿಲ್ಲ. ಹಾಗಾದರೆ ಕೊಟ್ಟದ್ದು ಲಾರಿ ಅಪಘಾತದಲ್ಲಿ ತೀರಿಹೋಗಿದ್ದ ತಂದೆ. ಗಂಡಸಿಗೆ ರೋಗ ಬರುವುದು ಅಪರೂಪ, ಮಗಳಿಗೆ ದಾಟಿಸುವುದಕ್ಕೆ ಮಾತ್ರ ಯಾವ ತೊಂದರೆಯೂ ಇಲ್ಲ. ಬಂಧುಗಳು ಬಾಯಿ ಮುಚ್ಚಿದರು. ಆಮೇಲೆ ಸೋದರತ್ತೆಯ ಮಗನ ಜೊತೆ ಮದುವೆಯ ಮಾತು ಬಂದಾಗ, ಸಂಬಂಧದೊಳಗಿನ ಮದುವೆಗೆ ಗಂಡಿಗೂ ಪರೀಕ್ಷೆ ಆಗಬೇಕೆಂಬ ನಿಯಮದಂತೆ ಚನ್ನವೀರನ ರಕ್ತ ತೆಗೆದರು. ಅವನಲ್ಲಿ ಇರಲಿಲ್ಲ. ಬಸಲಿಂಗವ್ವ ಓಣಿಗೆಲ್ಲ ಪೇಢೆ ಹಂಚಿದಳು. "ನನ್ನ ಮಗನ ರಕ್ತ ಚೊಕ್ಕ ಐತಿ, ಅಂದಮ್ಯಾಲ ನಂದೂ ಚೊಕ್ಕನ," ಅಂದಳು. ಎಲ್ಲರೂ ಹೌದು ಹೌದು ಅಂದರು. ಊರಿಗೆಲ್ಲ ಪಾಠ ಹೇಳುವ ದಾನೇಶ್ವರಿಯೂ ಪೇಢೆ ತಿಂದು ಸುಮ್ಮನಾದಳು.

ಮರುದಿನ ಸ್ಕ್ಯಾನಿಂಗ್ ಕೋಣೆ ಫ್ರಿಜ್ಜಿನಂತೆ ತಣ್ಣಗಿತ್ತು. ಮೊದಲು ಅಲ್ಟ್ರಾಸೌಂಡ್, ಆಮೇಲೆ ಇನ್ನೊಂದು ಯಂತ್ರ. ಡಾಕ್ಟರ್ ಇಟಗಿ ಎಡ ಎದೆ ನೋಡಿದರು, ಬಲ ಎದೆ ನೋಡಿದರು, ಕಂಕುಳು ನೋಡಿದರು. ದಾನೇಶ್ವರಿ ಛಾವಣಿಯ ಚೌಕಗಳನ್ನು ಎಣಿಸುತ್ತ ಮಲಗಿದ್ದಳು. ಎಣಿಕೆ ತಪ್ಪಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಡಾಕ್ಟರ್ ಸುಮ್ಮನಿರುವುದು ಕೆಟ್ಟದ್ದಕ್ಕೇ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಏನೂ ಇಲ್ಲಲ್ಲ," ಅಂದರು ಡಾಕ್ಟರ್, ತಮ್ಮಷ್ಟಕ್ಕೇ ಎಂಬಂತೆ. "ಸಾಸಿವಿಯಷ್ಟೂ ಇಲ್ಲ."

"ಸಣ್ಣದಿರಬೇಕ್ರಿ."

"ಬಳಿಯೊಳಗ ಬಂದ ಪ್ರಮಾಣ ನೋಡಿದ್ರ ಸಣ್ಣದಲ್ಲ. ಎರಡ ಸೆಂಟಿಮೀಟರ್ ಮ್ಯಾಲಿಂದು." ಪರದೆಯನ್ನು ಅವಳ ಕಡೆ ತಿರುಗಿಸಿದರು. ಬಳೆಯ ಒಂದು ತಿಂಗಳ ಲೆಕ್ಕದ ಗೆರೆ ನೆಲಕ್ಕೆ ಅಂಟಿಕೊಂಡು ಬಂದು, ಒಮ್ಮೆಲೇ ಎದ್ದು, ಮತ್ತೆ ದೊಪ್ಪನೆ ನೆಲಕ್ಕೆ ಬಿದ್ದಿತ್ತು. "ಹನ್ನೊಂದು, ಹನ್ನೆರಡು, ಹದಿಮೂರನೇ ತಾರೀಖು. ಹದಿನಾಲ್ಕಕ್ಕ ಏನೂ ಇಲ್ಲ. ಗಡ್ಡಿ ಅನ್ನೂದು ಮೂರ ದಿನ ಇದ್ದು ನಾಕನೇ ದಿನಕ್ಕ ಬಸ್ ಹತ್ತಿ ಊರಿಗೆ ಹೋಗೂದಿಲ್ಲ ದಾನೇಶ್ವರಿ. ಏನಿತ್ತು ಆ ಮೂರ ದಿನ?"

"ಕುಬಸ," ಅಂದಳು ದಾನೇಶ್ವರಿ.

ಹನ್ನೊಂದನೇ ತಾರೀಖು ಅವಳ ಕುಬಸ, ಏಳನೇ ತಿಂಗಳ ಸೀಮಂತ. ಹಸಿರು ಸೀರೆ, ತಲೆತುಂಬ ಹೂದಂಡೆ, ಎರಡೂ ಕೈಗೆ ಮೊಳಕೈವರೆಗೆ ಹಸಿರು ಗಾಜಿನ ಬಳೆ. ಬಳೆಗಾರ್ತಿ ಕೈ ಹಿಡಿಯುವ ಮೊದಲೇ ಬಸಲಿಂಗವ್ವ ಮುಂದೆ ಬಂದು, "ಹಸರಿನ ನಡುವ ಈ ಕರೀದು ಬ್ಯಾಡ. ಮೂರ ದಿನ ತಗದ ಇಡೂ ಪದ್ಧತಿ ಐತಿ ನಮ್ಮ ಮನ್ಯಾಗ," ಅಂದಿದ್ದಳು. ತೆಗೆದಿಟ್ಟರೆ ಕೇಂದ್ರದಿಂದ ಮನೆಗೆ ಜನ ಬರುತ್ತಾರೆ ಅಂದಾಗ, "ನಾ ಹಾಕ್ಕೋತೀನಿ ಬಿಡು, ಮೈಬಿಸಿ ತಾಕಿದ್ರ ಸುಮ್ಮನಿರತೈತಿ," ಅಂದು ತಾನೇ ತೊಟ್ಟುಕೊಂಡಳು. ಮೈಬಿಸಿಯಲ್ಲಿ ಮಲಗಿದ ಬಳೆಗಾದರೆ ಒಂದು ವಾರ ಯಾರೂ ವಿಚಾರಿಸುವುದಿಲ್ಲ. ಅತ್ತೆಯ ಕೈಯಲ್ಲಿ ಅದು ಹೇಗೂ ಮಲಗುತ್ತದೆ ಎಂದು ದಾನೇಶ್ವರಿ ಒಪ್ಪಿದ್ದಳು. ಉಡಿ ತುಂಬಲು ಬಂದ ಅವಳ ತಾಯಿ ಮಾತ್ರ, "ಮೂರ ದಿನ? ಇಂಥಾ ಪದ್ಧತಿ ನಾ ಎಲ್ಲೂ ಕೇಳಿಲ್ಲಲ್ಲ," ಅಂದಿದ್ದಳು. ಕಡಬಿನ ಗದ್ದಲದಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಳೆ ಮಲಗಿರಲಿಲ್ಲ.

ದಾನೇಶ್ವರಿಗೆ ಮೊದಲು ಬಂದದ್ದು ನಗು. ತಡೆಯಲಾರದ, ಹೊಟ್ಟೆ ಕುಲುಕುವ ನಗು. ನನ್ನದಲ್ಲ, ನನ್ನದಲ್ಲ, ಕೂಸಿಗೆ ಏನೂ ಆಗುವುದಿಲ್ಲ! ಡಾಕ್ಟರ್ ಇಟಗಿ ನಗಲಿಲ್ಲ. ಅವರ ಮುಖ ನೋಡಿ ಇವಳ ನಗು ಅರ್ಧಕ್ಕೇ ನಿಂತಿತು, ನಿಂತ ಜಾಗದಲ್ಲಿ ನಾಚಿಕೆ ಸುಟ್ಟಿತು.

"ಆದರ ಅವರ ಮಗನ ರಕ್ತದಾಗ ಇಲ್ರಿ," ಅಂದಳು.

"ಮಗನ ರಕ್ತದಾಗ ಇಲ್ಲ ಅಂದ್ರ ತಾಯಿಗೆ ಇಲ್ಲ ಅಂತ ಯಾರು ಹೇಳಿದ್ರು ನಿನಗ? ತಾಯಿ ಎರಡರಾಗ ಒಂದ ಕೊಡ್ತಾಳ. ಅವಗ ಛಲೋದು ಬಂತು. ಕೆಟ್ಟದ್ದು ಆಕಿ ಹತ್ರನ ಉಳೀತು. ನಿಮ್ಮಪ್ಪಗ ಎಲ್ಲಿಂದ ಬಂತೋ ಆಕಿಗೂ ಅಲ್ಲಿಂದನ ಬಂದೈತಿ. ಇಬ್ಬರದೂ ಒಂದ ಗುರುತು. ಬಳಿಗೆ ನೀ ಯಾರು, ಆಕಿ ಯಾರು ಅಂತ ತಿಳೀಲಿಲ್ಲ, ಅಷ್ಟ." ಡಾಕ್ಟರ್ ಗಡಿಯಾರ ನೋಡಿದರು. "ಇವತ್ತ ಕರಕೊಂಡು ಬಾ. ನಾ ಇರ್ತೀನಿ."

ಅತ್ತೆಯ ಹೆಸರು ಬರೆಸಲು ಚನ್ನವೀರನನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಬರುವಾಗ ದಾನೇಶ್ವರಿಗೆ ಇನ್ನೊಂದು ಮಾತು ಹೊಳೆಯಿತು. ಮೂರು ದಿನ ಬೇಕು ಎಂಬುದನ್ನು ಅತ್ತೆಗೆ ಯಾರು ಹೇಳಿದರು? ತಾನೇ ಹೇಳಿದ್ದಳು, ಊಟಕ್ಕೆ ಕೂತಾಗ, ಎಷ್ಟೋ ಸಲ. ಚುಕ್ಕೆಯ ವಿಷಯವನ್ನೂ ಹೇಳಿದ್ದಳು.

ಬಸಲಿಂಗವ್ವ ಹಿತ್ತಲಲ್ಲಿ ಹಗ್ಗದ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಬಿಸಿಲು ಚುರುಗುಡುತ್ತಿತ್ತು. ಸೊಸೆಯನ್ನು ಕಂಡು ಓಡಿಬಂದಳು.

"ಏನಂದ್ರು? ಹೇಳ ಲಗೂನ."

"ಏನೂ ಇಲ್ಲಂತ ಅತ್ತಿ. ನನ್ನ ಮೈಯಾಗ ಸಾಸಿವಿಯಷ್ಟೂ ಇಲ್ಲಂತ."

"ನಾ ಹೇಳಲಿಲ್ಲಾ?" ಬಸಲಿಂಗವ್ವನ ಧ್ವನಿ ಮೇಲೇರಿತು. "ಮಷಿನ್ ಸುಳ್ಳ ಹೇಳತಾವು ಅಂತ ನಿನ್ನೇನ ಹೇಳಲಿಲ್ಲಾ? ಅಲ್ಲಿಗೆ ಮುಗೀತು. ನಡಿ, ನೆರಳಿಗೆ ನಡಿ."

"ಕುಬಸದ ಮೂರ ದಿನ ಅಷ್ಟ ಬಂದೈತಿ. ಆವಾಗ ಬಳಿ ನಿನ್ನ ಕೈಯಾಗಿತ್ತು."

"ಅದು ಮಲಗಿತ್ತು."

"ಮಲಗಿತ್ತೇನ? ಚುಕ್ಕಿ ಆರಿತ್ತೇನ ಅತ್ತಿ?"

ಬಸಲಿಂಗವ್ವ ಹೊರಸಿನ ಕಡೆ ತಿರುಗಿ, ಆಗಲೇ ಹರವಿದ್ದ ಶಾವಿಗೆಯನ್ನು ಮತ್ತೆ ಹರವತೊಡಗಿದಳು. ಎಳೆಗಳು ಅವಳ ಬೆರಳಲ್ಲಿ ಪುಡಿಯಾಗುತ್ತಿದ್ದವು. "ನಿನ್ನ ಬಳಿ," ಅಂದಳು. "ನಿನ್ನ ನಂಬರು. ಬಂದರ ನಿಂದ ಬಂದಿರಬೇಕು. ನನ್ನ ಮಗನ ರಕ್ತ ಚೊಕ್ಕ ಐತಿ, ಕಾಗದ ಐತಿ ಒಳಗ, ತೋರಸ್ಲೇನ?"

"ಅತ್ತಿ."

"ನನ್ನ ಹಂಗ ನೋಡಬ್ಯಾಡ!"

ಹಾಗೆ ಕೂಗಿದವಳ ಬಲಗೈ ತಾನಾಗಿಯೇ ಸೆರಗಿನೊಳಗೆ ಹೋಗಿ ಎಡಗಡೆ ಒಂದು ಜಾಗದಲ್ಲಿ ನಿಂತಿತು. ಎಷ್ಟೋ ತಿಂಗಳಿಂದ ದಿನಾ ಹೋಗಿ ರೂಢಿಯಾದ ಕೈ ಅದು. ದಾನೇಶ್ವರಿ ನೋಡಿದಳು. ತಾನು ನೋಡಿದ್ದನ್ನು ಅತ್ತೆಯೂ ನೋಡಿದಳು ಎಂಬುದು ಅವಳಿಗೆ ತಿಳಿಯಿತು.

"ಎಂದಿನಿಂದ?"

"ದೀಪಾವಳಿಯಿಂದ." ಬಸಲಿಂಗವ್ವ ಕೆಳಗೆ, ಬಿಸಿ ನೆಲದ ಮೇಲೆಯೇ ಕೂತುಬಿಟ್ಟಳು. "ಮೊದಲ ಕಡ್ಲಿ ಕಾಳಿನಷ್ಟಿತ್ತು. ಹೇಳಿದ್ರ ಕೊಯ್ತಾರ. ನಮ್ಮವ್ವನ್ನ ನೋಡೀನಿ ನಾ. ಆಕಿ ನರಳೂದು ಕೇಳಬಾರದು ಅಂತ ಹಾಸಗಿ ತಲಿತನಕ ಹೊಚಗೊಂಡು ಮಲಗತಿದ್ನಿ. ಮಂದಿಗೆ ಹುಣ್ಣು ಅಂತ ಹೇಳಿದಿವಿ. ನಂದ ಅದು ಅಲ್ಲ ಅಂತ ಒಂದ ಸಲ ಗೊತ್ತಾದ್ರ ಸಾಕಾಗಿತ್ತು. ಅದಕ್ಕ ಹಾಕ್ಕೊಂಡೆ. ಮಲಗಿದ್ರ ನಾ ಗೆದ್ದೆ ಅಂತ. ಹತ್ತ ಮಿನೀಟಿಗೊಮ್ಮೆ ತಿರುವಿ ನೋಡತಿದ್ನಿ ಆ ಚುಕ್ಕಿನ. ಆರಲೇ ಇಲ್ಲವಾ. ಮೂರು ದಿನಾನೂ ಆರಲಿಲ್ಲ."

ದಾನೇಶ್ವರಿ ಹೊರಸಿನ ಅಂಚಿಗೆ ಕೂತಳು. "ಅಂದ್ರ ನಿನ್ನೆ ನಾ ಬಂದಾಗ ನಿನಗ ಗೊತ್ತಿತ್ತು."

ಬಸಲಿಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕೂಸಿನ ಗತಿ ಏನು ಅಂತ ನಾವಿಬ್ಬರೂ ಅಳತಿದ್ವಿ. ನೀ ಹಾಲು ತಂದಿ. ಅಂಗಾರ ತಂದಿ. ಗೊತ್ತಿದ್ದೂ ತಂದಿ."

"ಬಾಗಲ ತನಕ ಬಂದೆ," ಅಂದಳು ಬಸಲಿಂಗವ್ವ. "ಬಾಯಿ ಬರಲಿಲ್ಲ. ಹೇಳಿಬಿಟ್ರ ಅದು ನಂದ ಆಗತಿತ್ತು. ಸುಮ್ಮನಿದ್ರ ಇನ್ನೊಂದ ದಿನ ನಂದಲ್ಲ. ನೀ ನನ್ನ ಅಣ್ಣನ ಮಗಳು, ನಿನ್ನ ಹೊಟ್ಟಿಯಾಗ ನನ್ನ ಮೊಮ್ಮಗ ಐತಿ. ಆದರೂ ಬಾಯಿ ಬರಲಿಲ್ಲ. ಅಷ್ಟ ಅಂಜಿಕಿ ಐತಿ ನನಗ. ಬೈದರ ಬೈ."

ಬೈಯಬೇಕೆಂದೇ ದಾನೇಶ್ವರಿ ಬಾಯಿ ತೆರೆದಳು. ಒಂದು ಇಡೀ ದಿನ, ಒಂದು ಇಡೀ ರಾತ್ರಿ ಈ ಹೆಂಗಸು ತನ್ನ ಸಾವನ್ನು ತನ್ನ ಸೊಸೆಯ ಉಡಿಗೆ ಹಾಕಿ ಅಡುಗೆ ಮಾಡಿಕೊಂಡಿದ್ದಳು. ಕ್ಷಮಿಸುವಂಥದ್ದಲ್ಲ ಅದು. ಆದರೆ ಒಂದು ತಾಸಿನ ಹಿಂದೆ, ನನ್ನದಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ, ಹಾಗಾದರೆ ಯಾರದ್ದು ಎಂದು ಕೇಳುವ ಮೊದಲೇ ತಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅದೂ ಇದೇ ಅಂಜಿಕೆಯೇ. ಬೈಗುಳ ಹೊರಗೆ ಬರಲಿಲ್ಲ.

ಬಸಲಿಂಗವ್ವ ಅವಳ ಕೈ ಹಿಡಿದೆಳೆದು ತನ್ನ ಸೆರಗಿನೊಳಗೆ ಒಯ್ದಳು. "ನೋಡು. ನೀ ಬಲ್ಲಾಕಿ. ನೋಡಿ ಹೇಳು."

ಏಳು ವರ್ಷದಿಂದ ನೂರಾರು ಗಡ್ಡೆಗಳನ್ನು ನಂಬರುಗಳಾಗಿ ನೋಡಿದ್ದ ದಾನೇಶ್ವರಿ ಒಂದನ್ನೂ ಮುಟ್ಟಿರಲಿಲ್ಲ. ಮೆತ್ತನೆಯ ಚರ್ಮದ ಕೆಳಗೆ ಅದು ಒಮ್ಮೆಲೇ ಬೆರಳಿಗೆ ತಾಗಿತು. ಗಟ್ಟಿಯಾಗಿತ್ತು, ಒತ್ತಿದರೆ ಸರಿಯಲಿಲ್ಲ. ಅಲ್ಲೇ ಬೇರು ಬಿಟ್ಟು ಕೂತಿತ್ತು. ಕೈ ಹಿಂದಕ್ಕೆಳೆದುಕೊಂಡು ಓಡಿಹೋಗಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ.

"ಇನ್ನಾ ಸಣ್ಣದ ಐತಲ್ಲ?" ಅಂದಳು ಬಸಲಿಂಗವ್ವ. ಐವತ್ತಾರು ವರ್ಷದ ಹೆಂಗಸು, ಓಣಿಯನ್ನೆಲ್ಲ ಗದರಿಸಿ ಆಳಿದವಳು, ಕಣ್ಣು ಪಿಳಿಪಿಳಿ ಬಿಡುತ್ತ ಸೊಸೆಯ ಬಾಯಿಯನ್ನೇ ನೋಡುತ್ತಿದ್ದಳು. "ಸಣ್ಣದ ಐತಲ್ಲವಾ?"

ಸಣ್ಣದಾಗಿರಲಿಲ್ಲ.

"ಚಪ್ಪಲಿ ಮೆಟ್ಟಕೋ ಅತ್ತಿ," ಅಂದಳು ದಾನೇಶ್ವರಿ. "ಡಾಕ್ಟರ್ ಇನ್ನಾ ಹೋಗಿಲ್ಲ. ಆಟೋ ಬಾಗಲಾಗ ನಿಂತೈತಿ."